ಗಾಳಿಗೆ ಮುಖಮಾಡಿದ ಸಾಂಬ್ರಾ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ಯಂತ್ರಗಳು ಬರುವ ಮುನ್ನ ರೋಣ, ನರಗುಂದದ ಎರೆಸೀಮೆಯ ರೈತ ಜೋಳದ ರಾಶಿಯನ್ನು ಮುಂದಿಟ್ಟುಕೊಂಡು ಗಾಳಿಗಾಗಿ ಕಾಯುತ್ತಿದ್ದ. ಅದು ಯಾವ ಕಡೆಯಿಂದ ಬೀಸುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬಲ್ಲವನಿಗೆ ಮಾತ್ರ ಕಾಳು ಬೇರೆ, ಹೊಟ್ಟು ಬೇರೆಯಾಗಿ ಸಿಗುತ್ತಿತ್ತು. ಇಂದು ಗಜೇಂದ್ರಗಡದ ಗುಡ್ಡದ ಮೇಲೆ ನಿಂತಿರುವ ಗಾಳಿಯಂತ್ರಗಳು ನಂಬಿರುವುದೂ ಇದೇ ಗಾಳಿಯನ್ನು. ಗಾಳಿ ದಿಕ್ಕು ಬದಲಿಸಿದರೆ ಅವೂ ಮುಖ ತಿರುಗಿಸಿಕೊಳ್ಳುತ್ತವೆ.

ವಿಮಾನಕ್ಕೂ ಎದುರುಗಾಳಿ ಬೇಕು. ಅದನ್ನು ಮೇಲೆತ್ತುವುದು ನೆಲದ ಮೇಲಿನ ಓಟವಲ್ಲ, ರೆಕ್ಕೆಯ ಮೇಲೆ ಹರಿಯುವ ಗಾಳಿ. ಏರಲು ಗಂಟೆಗೆ 200 ಕಿ.ಮೀ. ವೇಗ ಬೇಕಾದ ವಿಮಾನಕ್ಕೆ 30 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ, ನೆಲದ ಮೇಲೆ 170 ಕಿ.ಮೀ. ವೇಗದಲ್ಲಿ ಓಡಿದರೂ ಸಾಕು. ಗಾಳಿ ಬೆನ್ನಿಗೆ ಬಿದ್ದರೆ ಓಟ ಉದ್ದವಾಗುತ್ತದೆ. ಅಡ್ಡಗಾಳಿಯಾದರೆ ಇಳಿಯುವ ವಿಮಾನ ಪಕ್ಕಕ್ಕೆ ಸರಿಯುತ್ತದೆ. ಆದರೆ ರನ್‌ವೇ ಗಾಳಿಯಂತ್ರದಂತೆ ತಿರುಗಲಾರದು. ಅದನ್ನು ಹಾಸುವಾಗಲೇ ಊರಿನ ಗಾಳಿಯ ಗುಣವನ್ನು ಅರಿತಿರಬೇಕು.

ನರಗುಂದದಿಂದ ಪಶ್ಚಿಮಕ್ಕೆ, ಆಕಾಶಮಾರ್ಗದಲ್ಲಿ ಸುಮಾರು 80 ಕಿ.ಮೀ. ದೂರದಲ್ಲಿರುವ ಬೆಳಗಾವಿಯ ಸಾಂಬ್ರಾ ಇದಕ್ಕೆ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಇಲ್ಲಿ ನೆಲೆ ನಿರ್ಮಿಸಿತು. ಇಲ್ಲಿನ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿದೆ. ಅದರ ಒಂದು ತುದಿಯಲ್ಲಿ 08, ಇನ್ನೊಂದರಲ್ಲಿ 26 ಎಂದು ಬರೆದಿರುತ್ತದೆ. ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳ ಕೊನೆಯ ಸೊನ್ನೆಯನ್ನು ಬಿಟ್ಟಾಗ ಉಳಿಯುವ ಅಂಕಿಗಳಿವು. ಮುಂಗಾರಿನ ಪಡುವಣ ಗಾಳಿಗೆ 26, ಚಳಿಗಾಲದ ಮೂಡಣ ಗಾಳಿಗೆ 08 ಹೊಂದುತ್ತದೆ. ಹುಬ್ಬಳ್ಳಿ, ಬೆಂಗಳೂರಿನ ಎಚ್.ಎ.ಎಲ್. ಮತ್ತು ಯಲಹಂಕದ ರನ್‌ವೇಗಳೂ ಇದೇ ರೀತಿ ಪೂರ್ವ–ಪಶ್ಚಿಮವಾಗಿವೆ.

ದಿಕ್ಕು ಸರಿಯಿದ್ದರಷ್ಟೇ ಸಾಲದು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಕರಾವಳಿಗಿಂತ ತೆಳು. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಕಸುವು ಕಡಿಮೆ. ಆಗ ಓಟ ಹೆಚ್ಚಬೇಕು, ಇಲ್ಲವೇ ಭಾರ ಇಳಿಯಬೇಕು. ಮಳೆಗಾಲದ ತೊಡಕು ಬೇರೆ. ನರಗುಂದದ ಕಡೆ ಬೀಳುವುದರ ಸುಮಾರು ಎರಡರಷ್ಟು ಮಳೆ ಬೆಳಗಾವಿಯಲ್ಲಿ ಬೀಳುತ್ತದೆ. ಸಹ್ಯಾದ್ರಿಯ ಮೋಡ ತಗ್ಗಿ ಬಂದರೆ ರನ್‌ವೇ ಕಣ್ಣಿಗೆ ಬೀಳುವುದೇ ಕಷ್ಟ. ಕಂಡರೂ ನೀರು ನಿಂತ ನೆಲದಲ್ಲಿ ಬ್ರೇಕ್ ಹಿಡಿಯದು. ಆದ್ದರಿಂದಲೇ ಗಾಳಿ, ಮೋಡದ ಎತ್ತರ, ನೋಟದ ದೂರ, ತಾಪಮಾನ, ವಾಯುಭಾರ ಇಷ್ಟನ್ನೂ ಹವಾಮಾನ ವರದಿಯಿಂದ ತಿಳಿದುಕೊಂಡ ಮೇಲೆಯೇ ಪೈಲಟ್ ಹೊರಡುತ್ತಾನೆ.

ಸಾಂಬ್ರಾದ ಮಹತ್ವ ದೇಶಕ್ಕೆ ಮನವರಿಕೆಯಾದದ್ದು 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ. ಮಳೆಗಾಲ ಮುಗಿದಿತ್ತು. ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು. ಪುಣೆಯಿಂದ ಬಂದ ಕ್ಯಾನ್‌ಬೆರಾಗಳ ಗುರಿ ದಾಬೋಳಿಯ ರನ್‌ವೇ. ನಿಲ್ದಾಣದ ಕಟ್ಟಡಗಳನ್ನು ಮುಟ್ಟಬಾರದೆಂದು ಅವುಗಳಿಗೆ ಆದೇಶವಿತ್ತು. ಶತ್ರುವಿನ ರನ್‌ವೇಯನ್ನು ಕೆಡಿಸಿದರೆ ಅವನ ರೆಕ್ಕೆ ಕತ್ತರಿಸಿದಂತೆ ಎಂಬುದು ಯುದ್ಧದ ಲೆಕ್ಕ.

ಆ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ದಾಬೋಳಿಯಲ್ಲಿ ಸಿಕ್ಕಿಬಿದ್ದಿದ್ದ ಎರಡು ಪೋರ್ಚುಗೀಸ್ ವಿಮಾನಗಳಿಂದ ಆಸನಗಳನ್ನೂ ಬೇಡದ ಸಾಮಾನುಗಳನ್ನೂ ಹೊರಹಾಕಿ ಭಾರ ಇಳಿಸಿದರು. ರನ್‌ವೇಯಲ್ಲಿ ಉಳಿದಿದ್ದ ತುಂಡು ಹಾದಿಯ ಮೇಲೆ ಓಡಿ ಅವು ರಾತ್ರಿಯ ಕತ್ತಲಲ್ಲಿ ಕರಾಚಿಯತ್ತ ಹಾರಿಹೋದವು. ಮರುದಿನ ಪೋರ್ಚುಗೀಸರು ಶರಣಾದರು.

ಇಂದು ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯ ಜೊತೆಗೆ ನಾಗರಿಕ ವಿಮಾನ ನಿಲ್ದಾಣವೂ ಇದೆ. 2017ರಲ್ಲಿ ವಿಸ್ತರಣೆಯಾದ ಬಳಿಕ ರನ್‌ವೇಯ ಉದ್ದ 2300 ಮೀಟರ್ ಆಗಿದೆ. ಉದ್ದ ಹೆಚ್ಚಿತೇ ಹೊರತು ದಿಕ್ಕು ಬದಲಾಗಲಿಲ್ಲ. ಬದಲಿಸುವ ಅಗತ್ಯವೂ ಬೀಳಲಿಲ್ಲ. ಕಣದ ರೈತನಂತೆ ಇಲ್ಲಿನ ಪೈಲಟ್ ಕೂಡ ಹೊರಡುವ ಮುನ್ನ ಕಂಬದ ಮೇಲಿನ ಗಾಳಿಚೀಲದತ್ತ ಒಮ್ಮೆ ಕಣ್ಣು ಹಾಯಿಸುತ್ತಾನೆ.