ಬೆಳಗಿನ ಹೊತ್ತು ಮುಷ್ಕರ ಹೂಡುವ ಕಾರು: ದೋಷ ಪತ್ತೆ ಹೇಗೆ?

ಸಂಪೂರ್ಣವಾಗಿ ಕೆಟ್ಟು ನಿಂತ ಕಾರಿನ ದೋಷವನ್ನು ಕಂಡುಹಿಡಿಯುವುದು ಅನುಭವಿ ಮೆಕ್ಯಾನಿಕ್‌ಗೆ ಕಷ್ಟದ ಕೆಲಸವಲ್ಲ. ನಾಲ್ಕು ದಿನ ಸರಾಗವಾಗಿ ಚಾಲೂ ಆಗಿ, ಐದನೆಯ ದಿನ ಬೆಳಿಗ್ಗೆ ಮುಷ್ಕರ ಹೂಡುವ ಕಾರಿನದೇ ನಿಜವಾದ ತೊಡಕು. ಹೇಗೋ ಚಾಲೂ ಮಾಡಿ ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತದೆ, ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಸೇರಿರುತ್ತದೆ, ದೋಷದ ಕುರುಹೇ ಉಳಿದಿರುವುದಿಲ್ಲ. ಆಗ ಆರಂಭವಾಗುವುದು ಊಹೆಯ ದುರಸ್ತಿ. ಮೊದಲು ಬ್ಯಾಟರಿ, ನಂತರ ಸ್ಟಾರ್ಟರ್ ಮೋಟಾರ್, ಆಮೇಲೆ ಫ್ಯುಯಲ್ ಪಂಪ್ ಬದಲಾಗುತ್ತವೆ. ಸಾವಿರಾರು ರೂಪಾಯಿ ವ್ಯಯವಾದ ಮೇಲೂ ಕಾರು ಮತ್ತೊಂದು ಬೆಳಿಗ್ಗೆ ಕೈಕೊಡುತ್ತದೆ.

ಇಂಥ ದೋಷಕ್ಕೆ ಮುಖ್ಯ ಸಾಕ್ಷ್ಯ ದೊರೆಯುವುದು ಗ್ಯಾರೇಜಿನಲ್ಲಲ್ಲ. ಕಾರು ಚಾಲೂ ಆಗಲು ನಿರಾಕರಿಸುವ ಒಂದೆರಡು ನಿಮಿಷಗಳಲ್ಲಿ. ಆ ಹೊತ್ತಿನಲ್ಲಿ ಕಾರಿನ ಬಳಿ ಇರುವವರು ಮಾಲೀಕರು ಮಾತ್ರ. ಅವರು ಏನನ್ನು ನೋಡಿದರು, ಏನನ್ನು ಕೇಳಿಸಿಕೊಂಡರು ಎಂಬುದರ ಮೇಲೆ ಮುಂದಿನ ಖರ್ಚು ನಿರ್ಧಾರವಾಗುತ್ತದೆ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೇ?

ಕಾರುಗಳ ಆರಂಭದ ದಿನಗಳಲ್ಲಿ ಎಂಜಿನ್ನನ್ನು ಕಬ್ಬಿಣದ ಹಿಡಿಕೆಯಿಂದ ಕೈಯಲ್ಲೇ ತಿರುಗಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅಭಿವೃದ್ಧಿಪಡಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಶ್ರಮ ಬ್ಯಾಟರಿ ಮತ್ತು ಮೋಟಾರಿನ ಪಾಲಾಯಿತು. ಆದರೆ ಕೆಲಸದ ಕ್ರಮ ಇಂದಿಗೂ ಅದೇ: ಮೊದಲು ಎಂಜಿನ್ ತಿರುಗಬೇಕು, ಬಳಿಕ ಇಂಧನ ಹೊತ್ತಿಕೊಳ್ಳಬೇಕು. ದೋಷ ಇವೆರಡರಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ತಿರುಗದೇ ಇದ್ದರೆ, ಜನರ ಮಾತಿನಲ್ಲಿ ‘ಸೆಲ್ಫ್ ತೆಗೆದುಕೊಳ್ಳದೇ’ ಇದ್ದರೆ, ಕಿವಿಗೊಟ್ಟು ಕೇಳಬೇಕು. ‘ಟಕಟಕ’ ಎಂಬ ಸದ್ದು ಬಿಡದೆ ಬಂದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿಯ ಶಕ್ತಿ ಕುಂದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ ಎಂದರ್ಥ. ಒಂದೇ ಒಂದು ‘ಟಕ್’ ಸದ್ದು ಬಂದು, ದೀಪಗಳು ಪ್ರಖರವಾಗಿಯೇ ಉಳಿದರೆ ಅನುಮಾನ ಸ್ಟಾರ್ಟರ್ ಮೋಟಾರ್ ಅಥವಾ ಅದರ ಸೊಲೆನಾಯ್ಡ್ ಕಡೆಗೆ ಹೊರಳಬೇಕು. ಯಾವ ಸದ್ದೂ ಇಲ್ಲದೆ ದೀಪಗಳು ಮಾತ್ರ ಉರಿಯುತ್ತಿದ್ದರೆ ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲಿನ ಸ್ವಿಚ್ ಇವನ್ನು ಪರೀಕ್ಷಿಸಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಲಿವರನ್ನು ‘ಪಾರ್ಕ್’ನಿಂದ ‘ನ್ಯೂಟ್ರಲ್’ಗೆ ಸರಿಸಿದಾಗ ಚಾಲೂ ಆದರೆ, ದೋಷ ಗೇರಿನ ಸ್ಥಾನವನ್ನು ಗುರುತಿಸುವ ಸ್ವಿಚ್ಚಿನಲ್ಲಿದೆ ಎಂಬ ಸುಳಿವು ಸಿಗುತ್ತದೆ.

ಅಂಕಿಗಳು ಹೇಳುವ ಸತ್ಯ

ಬ್ಯಾಟರಿಯ ಕುರಿತು ಊಹೆ ಬೇಕಿಲ್ಲ. ಸಾಧಾರಣ ಬೆಲೆಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆ. 12.2 ವೋಲ್ಟ್ ಎಂದರೆ ಅರ್ಧದಷ್ಟು ಮಾತ್ರ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾಗಿದೆ. ಕೀಲಿ ತಿರುಗಿಸಿ ಎಂಜಿನ್ ತಿರುಗುವಾಗ ಈ ಅಂಕಿ ಸುಮಾರು 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಇಲ್ಲವಾದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಪಾಸಣೆ ಮಾಡಿಸಬೇಕು.

ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದೂ ಎಂಜಿನ್ ನಿಧಾನವಾಗಿ ತಿರುಗುವುದುಂಟು. ಆಗ ಬ್ಯಾಟರಿಯ ಋಣ ಟರ್ಮಿನಲ್‌ನಿಂದ ಎಂಜಿನ್ನಿಗೆ ಹೋಗುವ ಅರ್ತ್ ತಂತಿಯ ಕಡೆ ಗಮನ ಹರಿಸಬೇಕು. ಎಂಜಿನ್ ತಿರುಗುವ ವೇಳೆ ಈ ಎರಡು ತುದಿಗಳ ನಡುವೆ ಸುಮಾರು 0.2 ವೋಲ್ಟ್‌ಗಿಂತ ಹೆಚ್ಚು ಕಂಡುಬಂದರೆ ಸಂಪರ್ಕದಲ್ಲಿ ತುಕ್ಕು ಅಥವಾ ಸಡಿಲಿಕೆ ಇದೆ. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಟರ್ಮಿನಲ್‌ಗಳನ್ನು ಉಜ್ಜಿ ಬಿಗಿ ಮಾಡುವುದು ಜಾಣತನ.

ರಾತ್ರಿ ಸೋರುವ ವಿದ್ಯುತ್

ಬೆಳಿಗ್ಗೆ ಮಾತ್ರ ಕಾಣಿಸುವ ದೋಷದ ಹಿಂದೆ ರಾತ್ರಿಯ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ ಮುಂತಾದವು ಅಲ್ಪ ವಿದ್ಯುತ್ ಬಳಸುತ್ತವೆ. ಅದು ಸಾಮಾನ್ಯವಾಗಿ 0.05 ಆಂಪಿಯರ್ ಮೀರಬಾರದು. ಆದರೆ ಡಿಕ್ಕಿಯ ದೀಪ ಆರದೇ ಉಳಿದರೆ, ಹೊರಗಿನಿಂದ ಅಳವಡಿಸಿದ ಕ್ಯಾಮೆರಾ ಅಥವಾ ಸ್ಟೀರಿಯೊ ನಿದ್ರೆಗೆ ಜಾರದಿದ್ದರೆ ಸೋರಿಕೆ 0.5 ಆಂಪಿಯರ್ ತಲುಪಬಹುದು. ಆಗ 24 ಗಂಟೆಗಳಲ್ಲಿ 12 ಆಂಪಿಯರ್-ಅವರ್ ಖಾಲಿಯಾಗುತ್ತದೆ. 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಒಂದೂವರೆ ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಶನಿವಾರ ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆಯೇ ಕೈಕೊಡುವುದರ ಗುಟ್ಟು ಇದೇ ಇರಬಹುದು.

ಇದನ್ನು ಖಚಿತಪಡಿಸಿಕೊಳ್ಳಲು ಸರಳ ವಿಧಾನವಿದೆ. ಕಾರು ನಿಲ್ಲಿಸಿ ಎರಡು ಗಂಟೆಯ ನಂತರ ವೋಲ್ಟೇಜ್ ಅಳೆದು, ಋಣ ಟರ್ಮಿನಲನ್ನು ಕಳಚಿಟ್ಟು, ಬೆಳಿಗ್ಗೆ ಮತ್ತೆ ಅಳೆಯಬೇಕು. ಕಳಚಿಟ್ಟ ಮೇಲೂ ಅಂಕಿ ಗಣನೀಯವಾಗಿ ಇಳಿದಿದ್ದರೆ ಬ್ಯಾಟರಿಯೇ ಹಳತಾಗಿದೆ. ಕಳಚಿದಾಗ ಇಳಿಯದೆ, ಜೋಡಿಸಿದ್ದಾಗ ಮಾತ್ರ ಇಳಿಯುತ್ತಿದ್ದರೆ ಸೋರಿಕೆ ಕಾರಿನಲ್ಲಿದೆ. ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. ಒಂದು ಎಚ್ಚರಿಕೆ: ಬ್ಯಾಟರಿ ಕಳಚಿದರೆ ಅನೇಕ ಕಾರುಗಳಲ್ಲಿ ಕಂಪ್ಯೂಟರ್ ದಾಖಲಿಸಿಟ್ಟ ದೋಷ ಸಂಕೇತಗಳು ಅಳಿಸಿಹೋಗುತ್ತವೆ. ಆದ್ದರಿಂದ ಅವನ್ನು ಸ್ಕ್ಯಾನರ್‌ನಿಂದ ಮೊದಲೇ ಓದಿಸಿಕೊಳ್ಳುವುದು ಒಳಿತು.

ತಿರುಗಿದರೂ ಹೊತ್ತಿಕೊಳ್ಳದಿದ್ದರೆ

ಎಂಜಿನ್ ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ ಬ್ಯಾಟರಿ ನಿರಪರಾಧಿ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಫ್ಯುಯಲ್ ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆ ಎರಡು ಸೆಕೆಂಡಿನಷ್ಟು ಕೇಳಿಸುತ್ತದೆ. ಅದು ಕೇಳಿಸದಿದ್ದರೆ ಪಂಪ್, ಅದರ ರಿಲೇ ಅಥವಾ ಫ್ಯೂಸ್ ಕಡೆ ನೋಡಬೇಕು. ಇಗ್ನಿಷನ್ನನ್ನು ಮೂರು ನಾಲ್ಕು ಬಾರಿ ಆನ್, ಆಫ್ ಮಾಡಿದ ನಂತರ ಕಾರು ಸಲೀಸಾಗಿ ಚಾಲೂ ಆದರೆ, ಪೈಪಿನಲ್ಲಿನ ಇಂಧನದ ಒತ್ತಡ ರಾತ್ರಿಯ ವೇಳೆ ಕುಸಿಯುತ್ತಿದೆ ಎಂದು ತಿಳಿಯಬಹುದು. ಪೆಟ್ರೋಲಿನ ಘಾಟು ಬಂದರೆ ಇಂಜೆಕ್ಟರ್ ಸೋರಿ ಎಂಜಿನ್ನಿಗೆ ಅಧಿಕ ಇಂಧನ ಸೇರಿರಬಹುದು.

ಡೀಸೆಲ್ ಕಾರಿನಲ್ಲಿ ಗ್ಲೋ ಪ್ಲಗ್‌ಗಳು ಹಾಗೂ ಇಂಧನದ ಪೈಪಿನೊಳಗೆ ಗಾಳಿ ನುಗ್ಗುವುದು ಮುಖ್ಯ ಶಂಕಿತರು. ಕೀಲಿಯ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಜರ್ ಕೀಲಿಯನ್ನು ಗುರುತಿಸುತ್ತಿಲ್ಲ. ಎರಡನೆಯ ಕೀಲಿಯಿಂದ ಪ್ರಯತ್ನಿಸಿ ನೋಡಬೇಕು.

ಹವಾಮಾನದ ಪಾತ್ರ

ಚಳಿಯಲ್ಲಿ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಆದರೆ ಬ್ಯಾಟರಿಯ ಆಯುಷ್ಯವನ್ನು ಕಡಿಮೆ ಮಾಡುವುದು ಮುಖ್ಯವಾಗಿ ಸೆಖೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಆದ ಹಾನಿ ಡಿಸೆಂಬರಿನ ಬೆಳಿಗ್ಗೆ ಬಯಲಾಗಬಹುದು. ಕರಾವಳಿಯ ಉಪ್ಪುಗಾಳಿ ಟರ್ಮಿನಲ್‌ಗಳಿಗೆ ತುಕ್ಕು ಹಿಡಿಸುತ್ತದೆ. ಮಹಾನಗರದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಇಲಿಗಳು ಕಡಿದ ತಂತಿಯೂ ಇಂಥ ಬಿಟ್ಟುಬಿಟ್ಟು ಬರುವ ದೋಷಕ್ಕೆ ಕಾರಣವಾಗುವುದುಂಟು. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಬ್ಯಾಟರಿಗೆ, ಚಾಲೂ ಮಾಡುವಾಗ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಲು ಸಮಯವೇ ಸಿಗುವುದಿಲ್ಲ.

ಮಾಡಬಾರದ್ದು

ಒಂದು ಬಾರಿಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷ ಬಿಡುವು ಕೊಡಬೇಕು. ಇಲ್ಲವಾದರೆ ಮೋಟಾರ್ ಕಾದು ಹಾಳಾಗುತ್ತದೆ. ಮತ್ತೊಂದು ಕಾರಿನಿಂದ ಕೇಬಲ್ ಜೋಡಿಸುವಾಗ ಕಪ್ಪು ಕೇಬಲಿನ ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಗೆ ತಗುಲಿಸದೆ, ಅದರಿಂದ ದೂರವಿರುವ ಎಂಜಿನ್ನಿನ ಲೋಹದ ಭಾಗಕ್ಕೆ ಜೋಡಿಸಬೇಕು. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗುಲಿದರೆ ಸ್ಫೋಟ ಸಂಭವಿಸಬಹುದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡುವುದಂತೂ ಪ್ರಾಣಾಪಾಯಕಾರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಾರು ಕೈಕೊಟ್ಟ ದಿನಾಂಕ, ಎಷ್ಟು ಗಂಟೆ ನಿಂತಿತ್ತು, ಮಳೆ-ಚಳಿ ಇತ್ತೇ, ಎಂಜಿನ್ ತಿರುಗಿತೇ, ಯಾವ ಸದ್ದು ಬಂತು, ದೀಪಗಳು ಹೇಗಿದ್ದವು, ಕೊನೆಗೆ ಹೇಗೆ ಚಾಲೂ ಆಯಿತು ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಆ ಕ್ಷಣದ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡರೆ ಇನ್ನೂ ಉತ್ತಮ. ಸಾಧ್ಯವಾದರೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡುವಂತೆ ಮೆಕ್ಯಾನಿಕ್‌ಗೆ ತಿಳಿಸಬೇಕು. ರೋಗಿ ಹೇಳುವ ಲಕ್ಷಣ ಕೇಳದೆ ವೈದ್ಯರು ಮದ್ದು ಕೊಡುವುದಿಲ್ಲ. ಮಾತು ಬಾರದ ಕಾರಿನ ಪರವಾಗಿ ಆ ಲಕ್ಷಣಗಳನ್ನು ಮಾಲೀಕರೇ ಹೇಳಬೇಕಾಗುತ್ತದೆ.