ಹೆಳವರು ಮತ್ತು ವಂಶಾವಳಿಯ ಕಸುಬು

ಹೆಳವರು: ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು, ಮನೆಯವರ ಮುಂದೆ ಓದಿ ಹೇಳಿ, ಹೊಸ ತಲೆಮಾರಿನ ಹೆಸರು ಸೇರಿಸಿ, ಅದಕ್ಕೆ ಸಿಗುವ ಕಾಣಿಕೆಯಿಂದ ಬದುಕಿಕೊಂಡು ಬಂದ ಅರೆ ಅಲೆಮಾರಿ ಸಮುದಾಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಮತ್ತು ಕನ್ನೊಳ್ಳಿಯಂಥ ಒಕ್ಕಲುತನದ ಊರುಗಳು ಸೇರಿದ ಬಿಜಾಪುರ ಸೀಮೆಗೆ ಈ ಪರಂಪರೆ ಹೊಸದಲ್ಲ. ಪಶ್ಚಿಮದ ದೇಶಗಳಲ್ಲಿ ವಂಶವೃಕ್ಷದ ಹುಡುಕಾಟ ಮೊದಲು ಹವ್ಯಾಸವಾಗಿ ಬೆಳೆಯಿತು. ಬಾಸ್ಟನ್ನಿನಲ್ಲಿ 1845ರಲ್ಲಿಯೇ ಅದಕ್ಕೊಂದು ಸಂಘ ಹುಟ್ಟಿತು. 1976ರಲ್ಲಿ ಅಲೆಕ್ಸ್ ಹೇಲಿಯ ‘ರೂಟ್ಸ್’ ಬಂದ ಮೇಲೆ ಆ ಆಸಕ್ತಿ ಸಾಮಾನ್ಯರ ಮನೆಗಳಿಗೂ ಹಬ್ಬಿತು. ವ್ಯಾಪಾರ ಆಮೇಲೆ ದೊಡ್ಡದಾಯಿತು. ಇಲ್ಲಿ ಕಸುಬೇ ಮೊದಲು, ಹವ್ಯಾಸ ಈಚಿನದು. ಆದರೂ ಹೆಳವರನ್ನು ಬೇಡುವವರ ಸಾಲಿನಲ್ಲಿ ನಿಲ್ಲಿಸಿ ನೋಡುವುದೇ ರೂಢಿಯಾಗಿದೆ. ಅವರ ಕೆಲಸದ ರೀತಿಯನ್ನು ಗಮನಿಸಿದರೆ ಅದು ದಾಖಲೆ ಕಾಯುವ ವೃತ್ತಿಯೆಂದೂ ಅವರು ಪಡೆಯುವುದು ಆ ದುಡಿಮೆಯ ಕೂಲಿಯೆಂದೂ ಒಪ್ಪಬೇಕಾಗುತ್ತದೆ.

ಈ ಮಾತಿಗೆ ಮೊದಲ ಆಧಾರ ಕಸುಬಿನ ಕಟ್ಟುಪಾಡು. ಹೆಳವರು ಸಿಕ್ಕ ಸಿಕ್ಕ ಮನೆಯ ಮುಂದೆ ನಿಲ್ಲುವವರಲ್ಲ. ಪ್ರತಿಯೊಂದು ಹೆಳವ ಮನೆತನಕ್ಕೂ ತನ್ನದೇ ಒಕ್ಕಲುಗಳಿರುತ್ತವೆ. ಆ ಮನೆಗಳ ವಂಶಾವಳಿ ಹೇಳುವ ಹಕ್ಕು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಕೆಲವು ವರ್ಷಗಳಿಗೊಮ್ಮೆ ಸುಗ್ಗಿಯ ಹೊತ್ತಿಗೆ ಎತ್ತು, ಗಂಟೆ, ಹೊತ್ತಿಗೆಗಳೊಂದಿಗೆ ಬಂದು, ಮೂಲಪುರುಷನಿಂದ ಹಿಡಿದು ಈಗಿನ ಯಜಮಾನನವರೆಗೆ ಹೆಸರುಗಳನ್ನು ಓದುತ್ತಾರೆ. ಮನೆತನ ಯಾವ ಊರಿನಿಂದ ಬಂತು, ಬೆಡಗು ಯಾವುದು, ಮನೆದೇವರು ಯಾರು, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು ಎಂಬುದೆಲ್ಲ ಆ ಓದಿನಲ್ಲಿ ಬರುತ್ತದೆ. ಕಳೆದ ಬಾರಿ ಬಂದುಹೋದ ಮೇಲೆ ಹುಟ್ಟಿದವರ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಜೋಳ, ಕಂಬಳಿ, ಬಟ್ಟೆ, ಹಣ, ಅನುಕೂಲವಿದ್ದರೆ ಆಕಳು ಅಥವಾ ಎತ್ತನ್ನೂ ಕೊಡುತ್ತಾರೆ. ಗೊತ್ತಾದ ಒಕ್ಕಲು, ಗೊತ್ತಾದ ಸೇವೆ, ಅದಕ್ಕೆ ಪ್ರತಿಫಲ: ಬಡಿಗ, ಕಮ್ಮಾರರು ರೈತನಿಂದ ಆಯ ಪಡೆಯುತ್ತಿದ್ದ ವ್ಯವಸ್ಥೆಗೂ ಇದಕ್ಕೂ ಹತ್ತಿರದ ಹೋಲಿಕೆಯಿದೆ.

ಸಮುದಾಯದ ಐತಿಹ್ಯ ಈ ಕಸುಬನ್ನು ಬಸವಣ್ಣನವರಿಗೆ ಜೋಡಿಸುತ್ತದೆ. ನಡೆಯಲಾರದ ಒಬ್ಬನಿಗೆ ಅವರು ಎತ್ತು ಮತ್ತು ಗಂಟೆ ಕೊಟ್ಟು, ಮನೆತನಗಳ ಹೆಸರು ಹೇಳಿ ಬದುಕುವ ದಾರಿ ತೋರಿಸಿದರೆಂಬುದು ಆ ಕಥೆಯ ಸಾರ. ಇದನ್ನು ಹನ್ನೆರಡನೆಯ ಶತಮಾನದ ಘಟನೆಯೆಂದು ಸಾಧಿಸಲು ಹೊರಡುವುದು ಬೇಡ. ಆದರೆ ಸಮುದಾಯವು ತನ್ನ ಹುಟ್ಟನ್ನು ಕಾಯಕದ ಜೊತೆ ಕಟ್ಟಿಕೊಂಡಿತೆಂಬುದು ಗಮನಾರ್ಹ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಗ್ರಂಥಮಾಲೆಯಲ್ಲಿ ಹೆಳವರು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಬರುವುದನ್ನೂ ಮನೆಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುವುದನ್ನೂ ವರ್ಣಿಸಲಾಗಿದೆ. ಆ ಬರಹ ಅವರನ್ನು ಗ್ರಾಮಚರಿತ್ರೆಯ ಪಾಲಕರೆಂದು ಗುರುತಿಸುತ್ತಲೇ ಭಿಕ್ಷುಕರೆಂದೂ ಕರೆಯಿತು. ಒಂದೇ ಉಸಿರಿನಲ್ಲಿ ಹೇಳಿದ ಈ ಎರಡು ಮಾತುಗಳಲ್ಲಿ ಆಡಳಿತದ ಕಣ್ಣಿಗೆ ಎರಡನೆಯದೇ ದೊಡ್ಡದಾಗಿ ಕಂಡಿತು. ಮೊದಲನೆಯದು ಮರೆಗೆ ಸರಿಯಿತು.

ಈ ಕಸುಬು ಇಷ್ಟು ಕಾಲ ಉಳಿದದ್ದಕ್ಕೆ ನಾಡಿನ ಬದುಕಿನಲ್ಲಿಯೇ ಕಾರಣಗಳಿವೆ. ಮಳೆಯನ್ನು ನಂಬಿದ ಈ ಸೀಮೆಯಲ್ಲಿ ಗುಳೆ ಹೋಗುವುದು ಹಳೆಯ ಸಂಗತಿ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಾಳುಗೆಡವಿ ಜನರನ್ನು ಊರು ಬಿಡಿಸಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಕೃಷ್ಣೆಯ ದಂಡೆಯ ಹಳ್ಳಿಗಳು ಮುಳುಗಿ, ಒಕ್ಕಲುಗಳು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದವು. ಸಿಂದಗಿ, ಬಾಗೇವಾಡಿ ಎಂಬ ಅಡ್ಡಹೆಸರು ಹೊತ್ತ ಮನೆಗಳು ಬೇರೆ ಬೇರೆ ಜಿಲ್ಲೆಗಳಲ್ಲಿ ಸಿಗುವುದೂ ಇಂಥ ಚಲನೆಯ ಗುರುತು. ಅಡ್ಡಹೆಸರು ಬಿಟ್ಟುಬಂದ ಊರನ್ನು ಹೇಳೀತು. ಬಿಟ್ಟವನು ಯಾರು, ಅವನ ತಮ್ಮ ಎಲ್ಲಿ ಉಳಿದ ಎಂಬುದನ್ನು ಹೇಳಲಾರದು. ಅದಕ್ಕೆ ಹೆಳವರ ಹೊತ್ತಿಗೆಯೇ ಬೇಕಾಗುತ್ತಿತ್ತು. ಜೊತೆಗೆ ಗೌಡಕಿ, ಕುಲಕರ್ಣಿಕೆಯಂಥ ವತನಗಳು ವಂಶಪಾರಂಪರ್ಯವಾಗಿದ್ದವು. ಮುಂಬೈ ಸರ್ಕಾರದ 1874ರ ವತನ ಕಾಯ್ದೆಯ ಕಾಲದಲ್ಲಿ ವತನದ ಹಕ್ಕು ಮೂಲಪುರುಷನಿಂದ ಇಳಿದ ಸಾಲನ್ನು ಅವಲಂಬಿಸಿತ್ತು. 1961ರ ಕರ್ನಾಟಕದ ಕಾಯ್ದೆ ಈ ಹುದ್ದೆಗಳನ್ನು ರದ್ದುಪಡಿಸಿದಾಗ ವಂಶಾವಳಿಯ ಒಂದು ದೊಡ್ಡ ಉಪಯೋಗ ಇಲ್ಲವಾಯಿತು.

ಹಣ ಪಡೆದು ಹೇಳುವ ವಂಶಾವಳಿ ಹೊಗಳಿಕೆಯಾಗದೆ ಇದ್ದೀತೇ ಎಂಬ ಆಕ್ಷೇಪ ಗಂಭೀರವಾದದ್ದು. ಬಹಳ ಹಿಂದಿನ ಮೂಲಪುರುಷರ ಶೌರ್ಯದ ಕಥೆಗಳಿಗೆ ಉತ್ಪ್ರೇಕ್ಷೆ ಸೇರಿರುವುದು ಸಹಜ. ಅವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಹತ್ತಿರದ ತಲೆಮಾರುಗಳ ವಿಷಯ ಬೇರೆ. ಒಂದೇ ಬೆಡಗಿನ ಹಲವು ಮನೆಗಳಲ್ಲಿ, ಆಸ್ತಿಯ ವಾಟ್ನಿಯಲ್ಲಿ ಎದುರಾಳಿಗಳಾದ ಭಾಗಾದಿಗಳ ಎದುರಿನಲ್ಲಿಯೂ ಅದೇ ಹೊತ್ತಿಗೆ ಓದಬೇಕು. ಒಬ್ಬನ ಮನೆಯಲ್ಲಿ ಒಂದು ಹೆಸರು ಕೂಡಿಸಿದರೆ ಇನ್ನೊಬ್ಬನ ಮನೆಯಲ್ಲಿ ಸಿಕ್ಕಿಬೀಳುವ ಭಯ ಹೆಳವನಿಗೆ ಇದ್ದೇ ಇರುತ್ತದೆ. ನ್ಯಾಯಶಾಸ್ತ್ರವೂ ಇಂಥದೇ ವಿವೇಕ ತೋರಿದೆ. 1872ರ ಸಾಕ್ಷ್ಯ ಕಾಯ್ದೆ ಕುಟುಂಬದ ವಂಶಾವಳಿಯಲ್ಲಿರುವ ಹೇಳಿಕೆಗೆ, ಅದನ್ನು ಬರೆದವರು ತೀರಿಕೊಂಡಿದ್ದಾಗ, ವಿವಾದ ಹುಟ್ಟುವ ಮೊದಲೇ ಬರೆದದ್ದಾದರೆ ಸಾಕ್ಷ್ಯವಾಗುವ ಅವಕಾಶ ಕೊಟ್ಟಿತು. 1983ರಲ್ಲಿ ಬಿಹಾರದ ಬೆತಿಯಾ ಸಂಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಂಶಾವಳಿಗಳನ್ನು ಬಹಳ ಎಚ್ಚರದಿಂದ ಪರೀಕ್ಷಿಸಬೇಕೆಂದಿತು. ಸಂಶೋಧಕನಿಗೂ ಈ ಅಳತೆ ಸಾಕು: ಕಣ್ಣುಮುಚ್ಚಿ ನಂಬುವುದೂ ಬೇಡ, ಪರೀಕ್ಷಿಸದೆ ತಳ್ಳಿಹಾಕುವುದೂ ಬೇಡ.

ಇದಕ್ಕಿಂತ ಬಲವಾದ ಆಕ್ಷೇಪ ಹೆಣ್ಣಿನದು. ಹಳೆಯ ವಂಶಾವಳಿ ತಂದೆಯಿಂದ ಮಗನಿಗೆ ಇಳಿಯುತ್ತದೆ. ಹೆಣ್ಣುಮಕ್ಕಳ ಹೆಸರಿಗೆ ಅದರಲ್ಲಿ ಜಾಗ ಸಿಕ್ಕಿದ್ದು ವಿರಳ. ಈ ಕೊರತೆಯನ್ನು ಸಮರ್ಥಿಸುವಂತಿಲ್ಲ. ಹಾಗೆಂದು ಅದು ಹೆಳವರೊಬ್ಬರ ತಪ್ಪೂ ಅಲ್ಲ. ಭೂಮಿ ಯಾರಿಗೆ ಹೋಗುತ್ತಿತ್ತೋ ಅವರ ಹೆಸರು ದಾಖಲೆಯಲ್ಲಿ ಉಳಿಯಿತು. ಈಗ ಆ ನೆಲೆಯೇ ಬದಲಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ ವಿಸ್ತರಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳನ್ನು ಬಿಟ್ಟ ವಂಶಾವಳಿ ಇಂದು ಅನ್ಯಾಯದ್ದಷ್ಟೇ ಅಲ್ಲ, ಅಪೂರ್ಣವೂ ಹೌದು.

ಸರ್ಕಾರಿ ದಾಖಲೆಗಳಿರುವಾಗ ಹೆಳವರೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ವಾರಸಾ ಬದಲಾವಣೆಗೆ ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪ್ರಮಾಣಪತ್ರ ಉತಾರದಲ್ಲಿ ಹೆಸರು ಏರಿಸಲು ಬೇಕಾದಷ್ಟು ಸಂಬಂಧವನ್ನು ತೋರಿಸುತ್ತದೆ. ಊರು ಬಿಟ್ಟುಹೋದ ದಾಯಾದಿಗಳ ಕವಲು, ಮನೆದೇವರು, ವಲಸೆಯ ದಾರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಪಟ್ಟಣ ಸೇರಿದ, ವಿದೇಶಕ್ಕೆ ಹೋದ ಕುಟುಂಬಗಳು ಬೇರು ಹುಡುಕಲು ಹೊರಟಾಗ ಅವರಿಗೆ ಬೇಕಾಗುವುದು ಈ ವಿವರಗಳೇ.

ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ ಮೈಕ್ರೊಫಿಲ್ಮ್ ಮಾಡಿಸಿತು. ಹೆಳವರ ಹೊತ್ತಿಗೆಗಳಿಗೂ ಇಂಥ ರಕ್ಷಣೆ ಸಲ್ಲಬೇಕು. ಆದರೆ ಪ್ರತಿ ತೆಗೆದುಕೊಂಡು ಕಸುಬುದಾರರನ್ನು ಕೈಬಿಡುವುದು ಸಲ್ಲದು: ಹೊತ್ತಿಗೆಯ ಒಡೆತನ ಅವರಲ್ಲಿಯೇ ಉಳಿಯಬೇಕು, ಓದಿ ಅರ್ಥ ಹೇಳುವ ಕೆಲಸಕ್ಕೆ ಅವರಿಗೇ ಸಂಬಳ ಸಿಗಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಎಣಿಸಲಾಗುವ ಈ ಸಮುದಾಯಕ್ಕೆ ಅನುಕಂಪಕ್ಕಿಂತ ವೃತ್ತಿಯ ಮನ್ನಣೆ ಹೆಚ್ಚು ಅಗತ್ಯ. ಓದುಗರು ಮಾಡಬಹುದಾದ ಕೆಲಸವೂ ಒಂದಿದೆ. ಹೆಳವರು ಮನೆಗೆ ಬಂದಾಗ ಕೂರಿಸಿ ಪೂರ್ತಿ ಕೇಳಿರಿ, ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿರಿ, ಕೊಡುವುದನ್ನು ಕೂಲಿಯೆಂದು ತಿಳಿದು ಕೊಡಿರಿ.