ಎದುರುಬದುರು ಕೋಟೆಗಳು

ಫ್ರಾನ್ಸಿನ ನೈಋತ್ಯದಲ್ಲಿ ದೋರ್ದೋನ್ ನದಿ ಹರಿಯುವ ಕಾಡುಸೀಮೆಗೆ ಕಪ್ಪು ಪೆರಿಗೋರ್ ಎಂದು ಹೆಸರು. ಓಕ್ ಮರಗಳ ದಟ್ಟ ನೆರಳೇ ಆ ಕಪ್ಪು. ಬೇನಾಕ್ ಕೋಟೆಯ ಮೇಲೆ ನಿಂತಾಗ ನನಗೆ ಹೊಳೆಯಾಚೆ ಕಾಸ್ತೆಲ್ನೋ ಕೋಟೆ ಕಂಡಿತು. 1214ರಲ್ಲಿ ಸಿಮೋನ್ ದ ಮೋಂಫೋರ್ ಎರಡನ್ನೂ ಹಿಡಿದಿದ್ದನು. 1337ರಿಂದ 1453ರವರೆಗಿನ ನೂರು ವರ್ಷಗಳ ಯುದ್ಧದಲ್ಲಿ (ಲೆಕ್ಕಕ್ಕೆ ನೂರಹದಿನಾರು!) ಬೇನಾಕ್ ಫ್ರೆಂಚ್ ದೊರೆಯ ಪಕ್ಷ, ಕಾಸ್ತೆಲ್ನೋ ಬಹುಕಾಲ ಆಂಗ್ಲರ ಪಕ್ಷ, 1442ರಲ್ಲಿ ಫ್ರೆಂಚರು ಗೆದ್ದುಕೊಳ್ಳುವವರೆಗೆ.

ಕಾಸ್ತೆಲ್ನೋದಲ್ಲೀಗ ಮಧ್ಯಯುಗದ ಯುದ್ಧಕಲೆಯ ಸಂಗ್ರಹಾಲಯವಿದೆ. ಕಲ್ಲೆಸೆಯುವ ಯಂತ್ರಗಳ ಮುಂದೆ ಜನ ನೆರೆಯುತ್ತಾರೆ. ನನ್ನನ್ನಾದರೋ ಆ ಕಿರಿದಾದ ಅಂತರವೇ ಕಾಡಿತು. ಒಂದರ ಒಲೆಯ ಹೊಗೆ ಇನ್ನೊಂದಕ್ಕೆ ಕಾಣುವ ನೆರೆಹೊರೆ, ದೂರದ ದೊರೆಗಳ ವ್ಯಾಜ್ಯದಲ್ಲಿ ಹಗೆಯಾಯಿತು. ನಡುವಣ ಬಯಲಿನಲ್ಲಿ ಉಳುತ್ತಿದ್ದವನು ಯಾರಿಗೆ ಅಂಜಬೇಕಿತ್ತು? ಬಹುಶಃ ಇಬ್ಬರಿಗೂ. ಆ ಕಣಿವೆಯಲ್ಲಿ ಇಂದು ಅಕ್ರೋಟಿನ ತೋಪುಗಳಿವೆ.